ಬೆಳೆ ಹೇಗಿದೆ ಅಂತ ಕೇಳಬೇಡಿ

ಹೋದ ತಿಂಗಳು ನಮ್ಮ ಕಡೆಯ ರೇಷ್ಮೆ ಹುಳುಗಳೆಲ್ಲ ಸತ್ತುಹೋದವು.

ಗಾಬರಿ ಬೇಡ. ಸತ್ತದ್ದು ಕಾಗದದ ಮೇಲೆ ಮಾತ್ರ. ಅಸಲಿ ಹುಳುಗಳು ಹೊಟ್ಟೆ ತುಂಬ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆ ಹತ್ತಿ, ನೆಮ್ಮದಿಯಾಗಿ ಗೂಡು ಕಟ್ಟುತ್ತಿದ್ದವು. (ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ದೊಡ್ಡ ತಟ್ಟೆ. ಹಳ್ಳಿಯವರಿಗೆ ಹೇಳಬೇಕಿಲ್ಲ, ಪೇಟೆಯವರಿಗೆ ಹೇಳಿದೆ.) ಕಾಗದದ ಮೇಲೆ ಅವುಗಳನ್ನು ಸಾಯಿಸಿದವಳು ನನ್ನ ಅಣ್ಣನ ಮಗಳು ಮಂಜುಳ. ಆ ಕಾಗದ ನಂಬಿ ಓಡಿಬಂದವರು ಅವಳ ಪ್ರೊಫೆಸರ್. ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನು.

ಮೊದಲಿಂದ ಹೇಳುತ್ತೇನೆ.

ಅಣ್ಣ ಮುನಿಶಾಮಪ್ಪನದು ವಕ್ಕಲೇರಿ ಪಕ್ಕದ ಹಳ್ಳಿ. ಒಂದಿಷ್ಟು ರಾಗಿ, ಒಂದಿಷ್ಟು ತರಕಾರಿ, ಬಾವಿಯ ಸುತ್ತ ಹಿಪ್ಪುನೇರಳೆ. ಮನೆಯ ಅರ್ಧ ಭಾಗ ಮನುಷ್ಯರಿಗೆ, ಇನ್ನರ್ಧ ಹುಳುಗಳಿಗೆ. ಗಾಳಿ ಬೆಳಕು ಚೆನ್ನಾಗಿರುವ ಭಾಗ ಯಾರಿಗೆ ಅಂತ ಬೇರೆ ಹೇಳಬೇಕಾ? ಈ ಮನೆಯಲ್ಲಿ ಹುಟ್ಟಿದ ಮಂಜುಳ ಪಿಯುಸಿಯಲ್ಲಿ ತೆಗೆದ ಮಾರ್ಕ್ಸ್ ನೋಡಿ, ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ ಅವಳನ್ನು ಫೀಸಿಲ್ಲದೆ ಕರೆಸಿಕೊಂಡಿತು. ಸಂಶೋಧನೆಗೆ ಹೆಸರಾದ ಜಾಗ. ಮಾಲೂರಿನಲ್ಲಿ ರೈಲು ಹತ್ತಿದರೆ ಮಾರನೆಯ ದಿನ ಇಳಿಯಬೇಕು.

ಅಲ್ಲಿನ ಓದಿನ ಕಥೆಯೇ ಬೇರೆ. ವಾರಕ್ಕೊಂದು ಸರ್‌ಪ್ರೈಸ್ ಟೆಸ್ಟ್ ಇರುತ್ತದಂತೆ. (ವಾರವಾರ ಬಂದರೆ ಅದು ಸರ್‌ಪ್ರೈಸ್ ಹೇಗಾಯಿತೇ ಅಂತ ಕೇಳಿದೆ. "ಯಾವ ದಿನ ಅನ್ನೋದು ಸರ್‌ಪ್ರೈಸ್ ಅತ್ತೆ" ಅಂದಳು.) ಕೆಲವು ಪರೀಕ್ಷೆಗೆ ಪುಸ್ತಕ ಎದುರಿಗಿಟ್ಟುಕೊಂಡೇ ಕೂರಬಹುದಂತೆ. ಉತ್ತರ ಮಾತ್ರ ಆ ಪುಸ್ತಕದಲ್ಲಿ ಇರುವುದಿಲ್ಲವಂತೆ. ನೀವು ಹೇಳಿದ್ದು ತಪ್ಪು ಸಾರ್ ಅಂತ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದರೆ, ಮೇಷ್ಟ್ರು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕೊಡಿಸುತ್ತಾರಂತೆ. ನಮ್ಮ ಕಾಲದಲ್ಲಿ ಏನು ಕೊಡಿಸುತ್ತಿದ್ದರು ಅಂತ ನಿಮ್ಮ ಬೆನ್ನಿಗೆ ನೆನಪಿರಬೇಕು.

ಅಣ್ಣನಿಗೆ ಅರ್ಥವಾಗದ್ದು ಒಂದೇ.

"ಮಾರ್ಕ್ಸೇ ಇಲ್ವಂತೆ ರತ್ನ. ಎ ಬಿ ಸಿ ಅಂತ ಕೊಡ್ತಾರಂತೆ. ಇಷ್ಟು ವರ್ಸ ಓದ್ಸಿ ಓದ್ಸಿ, ಮತ್ತೆ ಎ ಬಿ ಸಿ ಗೇ ಬಂದ್ಲಲ್ಲವ್ವ!"

ಇರಲಿ. ಆ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ನಿಯಮವಿದೆ. ಬರೀ ಓದಿದರೆ ಡಿಗ್ರಿ ಕೊಡುವುದಿಲ್ಲ. ಬಿ.ಎಸ್ಸಿ. ಹುಡುಗ ಹುಡುಗಿಯರೂ ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕು. ಯಾರೂ ಮಾಡಿರದಂಥ ಸ್ವಂತ ಕೆಲಸ. ಅದು ಪಾಸಾದರೆ ಡಿಗ್ರಿ. ತುಂಬ ಚೆನ್ನಾಗಿದ್ದರೆ ಪ್ರೊಫೆಸರ್ ತಮ್ಮ ಲ್ಯಾಬಿಗೇ ಸೇರಿಸಿಕೊಂಡು ಎಂ.ಎಸ್ಸಿ. ಮಾಡಿಸುತ್ತಾರೆ. ಇಡೀ ಕ್ಲಾಸಿಗೆ ಒಂದೇ ಜಾಗ. ಮಂಜುಳನ ಕಣ್ಣಿದ್ದದ್ದು ಆ ಜಾಗದ ಮೇಲೆ.

ಅವಳು ಆರಿಸಿಕೊಂಡ ವಿಷಯ ರೇಷ್ಮೆ ಬೆಳೆ ಯಾವಾಗ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದು. ಊರೂರು ಸುತ್ತಿ, ಹುಳು ಸಾಕುವ ಮನೆಗಳಲ್ಲಿ ಕೇಳಿ ಬರೆದುಕೊಳ್ಳಬೇಕು. ಹೊರಡುವಾಗ ಪ್ರೊಫೆಸರ್ ಒಂದು ಮಾತು ಹೇಳಿ ಕಳಿಸಿದ್ದರು. ಎದುರಿನವರು ಏನು ಹೇಳುತ್ತಾರೋ ಅದನ್ನೇ ಬರೆಯಬೇಕು. ನಿನ್ನ ಅಭಿಪ್ರಾಯ ನಿನ್ನ ಹತ್ತಿರವೇ ಇರಲಿ.

ಒಳ್ಳೆಯ ಮಾತೇ. ಆದರೆ ಆ ಪುಣ್ಯಾತ್ಮರು ನಮ್ಮ ಕಡೆಯವರನ್ನು ಕಂಡವರಲ್ಲ.

ರಜೆಗೆ ಬಂದ ಮಂಜುಳನ ಜೊತೆ ನಾನೂ ಹೊರಟೆ. ಬೆಳೆದ ಹುಡುಗಿ ಒಬ್ಬಳೇ ಊರೂರು ಸುತ್ತುವುದು ಹೇಗೆ ಅಂತ ಅತ್ತಿಗೆಗೆ ಭಯ. ನನಗೆ ಭಯವೇನಿಲ್ಲ, ಕುತೂಹಲ. ಕೋಲಾರದ ಎಕ್ಸ್‌ಚೇಂಜಿಗೆ ರಜೆ ಚೀಟಿ ಬರೆದುಕೊಟ್ಟೆ. (ನಾನು ಟೆಲಿಫೋನ್ ಆಪರೇಟರ್ ಅಂತ ಹಳೆಯ ಓದುಗರಿಗೆ ಗೊತ್ತು. ಟ್ರಂಕ್ ಕಾಲ್ ಸಿಗಲಿಲ್ಲ ಅಂತ ನನ್ನನ್ನು ಬೈದುಕೊಂಡವರಿಗೂ ಗೊತ್ತು.)

ವಕ್ಕಲೇರಿ ಸುತ್ತಮುತ್ತ ಮುಗಿಸಿ, ಮುಳಬಾಗಿಲು ಕಡೆ ಹೋಗಿ, ಕೊನೆಗೆ ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಹೋದೆವು. ಎಲ್ಲ ಕಡೆಯೂ ಬಾಯ್ತುಂಬ ಮಾತು, ಕೈತುಂಬ ಮಜ್ಜಿಗೆ. ಒಂದೇ ಒಂದು ಮನೆ ಬಿಟ್ಟರೆ (ಅದರ ಸುದ್ದಿ ಆಮೇಲೆ) ಎಲ್ಲ ಕಡೆಯೂ ಒಂದೇ ಉತ್ತರ.

"ಏನ್ ಬೆಳೆ ಬಿಡಮ್ಮ. ಈ ಸಲ ಏನೂ ಇಲ್ಲ."

"ಎಲ್ಲಿದೆ ಬೆಳೆ? ನಾಲ್ಕನೇ ಜ್ವರದ ತನ್ಕ ಚೆನ್ನಾಗಿದ್ವು. ಆಮೇಲೆ ಹೋದ್ವು." (ಹುಳು ಮೇಯುವುದು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆಯೇ ಗೂಡು.)

ಗೌನಿಪಲ್ಲಿಯ ರೆಡ್ಡೆಪ್ಪನವರಂತೂ ಜಗುಲಿಯ ಮೇಲೆ ಕೂತು ತಲೆಗೆ ಕೈ ಹಚ್ಚಿಕೊಂಡರು. "ಏಮುಂದಮ್ಮಾ, ಅಂತಾ ಪಾಯೆ" ಅಂತ ತೆಲುಗಿನಲ್ಲಿ ನಿಟ್ಟುಸಿರು ಬಿಟ್ಟು, ನಮಗೆ ಅರ್ಥವಾಗಲಿಲ್ಲವೇನೋ ಅಂತ "ಎಲ್ಲಾ ಹೋಯ್ತಮ್ಮ" ಅಂತ ಕನ್ನಡದಲ್ಲೂ ಹೇಳಿದರು. ಅವರ ಬೆನ್ನ ಹಿಂದೆ ಇಡೀ ಸಂಸಾರ ಕೂತು ಹಣ್ಣಾದ ಹುಳು ಆರಿಸಿ ಆರಿಸಿ ಚಂದ್ರಿಕೆಗೆ ಬಿಡುತ್ತಿತ್ತು. ತಲೆಯೆತ್ತಲೂ ಪುರುಸೊತ್ತಿರಲಿಲ್ಲ. ಮಂಜುಳ ತಲೆ ಬಗ್ಗಿಸಿಕೊಂಡು ಬರೆದಳು: ಬೆಳೆ ಪೂರ್ತಿ ನಷ್ಟ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

"ಅಲ್ವೇ, ಕಣ್ಣೆದುರಿಗೇ ಚಂದ್ರಿಕೆ ತುಂಬಿತ್ತಲ್ಲೇ?"

"ಇತ್ತು ಅತ್ತೆ."

"ಮತ್ತೆ ನಷ್ಟ ಅಂತ ಬರ್ಕೊಂಡಿದೀಯ?"

"ಅವ್ರು ಹಂಗೇ ಹೇಳಿದ್ರಲ್ಲ. ಹೇಳಿದ್ದನ್ನೇ ಬರೀಬೇಕು ಅಂತ ರೂಲು. ಅಲ್ದೆ..."

"ಅಲ್ದೆ?"

"ಚೆನ್ನಾಗೈತೆ ಅಂತ ನಾನು ಬರೆದು, ನಾಳೆ ನಿಜವಾಗ್ಲೂ ಹೋಗ್ಬಿಟ್ರೆ? ನನ್ನ ಕಣ್ಣೇ ಬಿತ್ತು ಅಂತಾರೆ."

ನೋಡಿ. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದ್ದಾಳೆ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಏನೇನೋ ನೋಡಿದ್ದಾಳೆ. ಒಳಗೆ ಕೂತಿರುವುದು ಮಾತ್ರ ವಕ್ಕಲೇರಿ. ನಾನು ಬೈಯಲಿಲ್ಲ. ನನ್ನೊಳಗೂ ಅದೇ ಕೂತಿದೆ.

ನಮ್ಮ ಕಡೆ ಬೆಳೆ ಚೆನ್ನಾಗಿದೆ ಅಂತ ಬೆಳೆದವನ ಬಾಯಲ್ಲಿ ಯಾವತ್ತಾದರೂ ಕೇಳಿದ್ದೀರಾ? ಬೇರೆ ಬೆಳೆಗೇ ಹೇಳುವುದಿಲ್ಲ, ಇನ್ನು ಹುಳು ಬಲು ಸೂಕ್ಷ್ಮದ ಜೀವ. ಸೆಂಟು ಹಾಕಿಕೊಂಡವರು ಒಳಗೆ ಹೋಗುವಂತಿಲ್ಲ, ಬೀಡಿ ಸೇದಿದವರು ಹೋಗುವಂತಿಲ್ಲ, ಹೊರಗಿನವರಂತೂ ಹೋಗುವಂತೆಯೇ ಇಲ್ಲ. ಇಷ್ಟೆಲ್ಲ ಕಾಪಾಡಿ, ಕೊನೆಗೆ ಬಾಯಿಬಿಟ್ಟು ಚೆನ್ನಾಗಿದೆ ಅಂದು ದೃಷ್ಟಿ ತಾಗಿಸಿಕೊಳ್ಳುವಷ್ಟು ದಡ್ಡರು ಯಾರೂ ಇಲ್ಲ.

ಬೆಳೆಯೊಂದೇ ಅಲ್ಲ. ಎಕ್ಸ್‌ಚೇಂಜಿನಲ್ಲಿ ನನ್ನ ಬೋರ್ಡಿನ ಮುಂದೆ ಒಂದು ದಿನ ಕೂತು ನೋಡಿ. (ಕೇಳಿಸಿಕೊಳ್ಳಬಾರದು ಅಂತ ನಿಯಮ. ಕಿವಿಗೆ ನಿಯಮ ಗೊತ್ತಿಲ್ಲ.) ಮೂರು ನಿಮಿಷದ ಟ್ರಂಕ್ ಕಾಲ್. ಚೆನ್ನಾಗಿದ್ದೀರಾ? ಏನೋ ಹೀಗಿದೀವಿ. ಮಗಳ ಮನೆ? ಏನೋ ನಡೀತಾ ಐತೆ. ಮೊಮ್ಮಗು ಮೈಕೈ ತುಂಬ್ಕೊಂಡಿದ್ಯಾ? ಎಲ್ಲಿ, ಸೊರಗೋಗವ್ನೆ. ಮಗುವಿನ ಕೇಕೆ ಅತ್ತ ಕಡೆಯಿಂದ ನನ್ನ ಕಿವಿ ತೂತು ಮಾಡುತ್ತಿರುತ್ತದೆ. ಇಬ್ಬರಿಗೂ ಗೊತ್ತು, ಎಲ್ಲ ಚೆನ್ನಾಗಿದೆ. ಹೇಳಿದವರು ಸುಳ್ಳು ಹೇಳಲಿಲ್ಲ, ಕೇಳಿದವರು ಮೋಸ ಹೋಗಲಿಲ್ಲ.

ಆದರೆ ಪ್ರೊಫೆಸರ್ ಮೋಸ ಹೋದರು.

ಮಂಜುಳ ಬರೆದದ್ದನ್ನೆಲ್ಲ ಅಂಚೆಯಲ್ಲಿ ಕಳಿಸಿದ್ದಳು. ಅವರು ಓದಿ ದಂಗಾದರಂತೆ. ಇಡೀ ಸೀಮೆಯ ಹುಳುಗಳು ನಾಲ್ಕನೇ ಜ್ವರದವರೆಗೆ ಆರೋಗ್ಯವಾಗಿದ್ದು, ಆಮೇಲೆ ಒಟ್ಟಿಗೇ ಸತ್ತಿವೆ! ಇಂಥ ರೋಗ ಯಾವ ಪುಸ್ತಕದಲ್ಲೂ ಇಲ್ಲ! ಬೆಂಗಳೂರಿನಲ್ಲಿ ಅವರಿಗೆ ಯಾವುದೋ ಸೆಮಿನಾರ್ ಇತ್ತು. ಅಲ್ಲಿಂದ ಕೋಲಾರಕ್ಕೆ ಬರುತ್ತೇನೆ ಅಂತ ಫೋನ್ ಮಾಡಿದರು. ಸೆಮಿನಾರ್ ಮುಗಿಯುವವರೆಗೂ ಕಾಯದೆ ಬಂದೂಬಿಟ್ಟರು.

ಬಸ್ ಸ್ಟ್ಯಾಂಡಿಗೆ ನಾನೂ ಮಂಜುಳನೂ ಹೋದೆವು. ಬೆಳ್ಳಗಿನ ಷರಟು, ಘಮಘಮ ಸೆಂಟು, ಹೆಗಲಲ್ಲಿ ಒಂದು ಚೀಲ. ಚೀಲ ಗಲಗಲ ಸದ್ದು ಮಾಡುತ್ತಿತ್ತು.

"ಅದೇನೇ?" ಅಂತ ಮೆಲ್ಲಗೆ ಕೇಳಿದೆ.

"ಖಾಲಿ ಬಾಟ್ಲಿ ಅತ್ತೆ. ಸತ್ತ ಹುಳ ತುಂಬ್ಕೊಂಡು ಹೋಗೋಕೆ."

ಅವಳ ಮುಖ ನೋಡಿದೆ. ಬಿಳಚಿಕೊಂಡಿತ್ತು. ನನಗೂ ನಗು ಬರಲಿಲ್ಲ.

ವಕ್ಕಲೇರಿಯಲ್ಲಿ ಬಸ್ಸಿಳಿದು ಅಣ್ಣನ ಊರಿಗೆ ನಡೆದು ಹೋದೆವು. ಊರ ಬಾಗಿಲಿಂದಲೇ ಶುರುವಾಯಿತು. ಆ ಮನೆ ಮುಂದೆ ಚಂದ್ರಿಕೆ, ಈ ಮನೆ ಮುಂದೆ ಚಂದ್ರಿಕೆ, ನೆರಳಿದ್ದ ಕಡೆಯೆಲ್ಲ ಚಂದ್ರಿಕೆ. ಒಂದೊಂದರಲ್ಲೂ ತುಂಬಿ ತುಳುಕುವ ಹಳದಿ ಗೂಡು. ಪ್ರೊಫೆಸರ್ ನಿಂತರು. ಚೀಲವೂ ಸದ್ದು ನಿಲ್ಲಿಸಿತು.

ಈ ಮನೆ ನಿನ್ನ ಲೆಕ್ಕದಲ್ಲಿದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇದೆ ಸಾರ್. ಏನು ಬರೆದಿದ್ದೀಯ? ಪೂರ್ತಿ ನಷ್ಟ ಸಾರ್. ಆ ಮನೆ? ಅದೂ ನಷ್ಟ ಸಾರ್.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನಮ್ಮಲ್ಲಿ ಕ್ಷಮಿಸುತ್ತೇವೆ, ಮನೆಗೆ ಹೋಗದೆ, ಯಾರನ್ನೂ ಕೇಳದೆ, ಕೂತಲ್ಲೇ ಅಂಕಿ ಅಂಶ ಕಟ್ಟಿ ಬರೆದವರನ್ನು ಕ್ಷಮಿಸುವುದಿಲ್ಲ ಅಂದರು. ಅಂಥವರನ್ನು ಮನೆಗೆ ಕಳಿಸುತ್ತೇವೆ ಅಂದರು. ಆಮೇಲೆ ಅವಳ ಮುಖ ನೋಡಿ ಕೇಳಿದರು. ಒಂದೇ ಒಂದು ಮಾತು ಹೇಳು. ಈ ಕೆಲಸವನ್ನು ನೀನು ಸರಿಯಾಗಿ ಮಾಡಿದ್ದೀಯಾ?

ಬಿಸಿಲಲ್ಲಿ ಚಪ್ಪಲಿ ಸವೆಸಿದ ಹುಡುಗಿ. ಒಂದು ಮನೆಯನ್ನೂ ಬಿಡದೆ ಕೇಳಿದ ಹುಡುಗಿ. ಬಸ್ ತಪ್ಪಿ ಶ್ರೀನಿವಾಸಪುರದಲ್ಲಿ ನನ್ನನ್ನು ಗಂಟೆಗಟ್ಟಲೆ ಕೂರಿಸಿದ ಹುಡುಗಿ. ಹೌದು ಸಾರ್ ಅಂದಿದ್ದರೆ ಮುಗಿದಿತ್ತು. ಅವಳು ತಲೆ ತಗ್ಗಿಸಿ, ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬೆಳೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಏನೋ ಮಾಡಿದೀನಿ ಸಾರ್. ಅಷ್ಟೇನೂ ಇಲ್ಲ."

ನಮ್ಮೂರಿನಲ್ಲಿ ಈ ಮಾತಿಗೆ ಅರ್ಥ ಪ್ರಾಣ ಕೊಟ್ಟು ಮಾಡಿದ್ದೇನೆ ಅಂತ. ಅವರೂರಿನಲ್ಲಿ ತಪ್ಪೊಪ್ಪಿಗೆ. ಪ್ರೊಫೆಸರ್ ಹೆಗಲ ಚೀಲ ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ತಿರುಗಿದರು.

ನನಗೆ ರೇಗಿತು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ. ಅಡ್ಡ ನಿಂತೆ. ನನ್ನ ಇಂಗ್ಲಿಷು ಟ್ರಂಕ್ ಕಾಲ್ ಇಂಗ್ಲಿಷು, ಮೂರು ನಿಮಿಷಕ್ಕಾಗುವಷ್ಟೇ ಬರುತ್ತದೆ. ಅಷ್ಟು ಸಾಕಾಯಿತು. ಸಾರ್, ಒಂದೇ ಮನೆಗೆ ಬನ್ನಿ. ಇವಳ ಮನೆಗೇ ಬನ್ನಿ. ನಾನು ಎರಡು ಪ್ರಶ್ನೆ ಕೇಳುತ್ತೇನೆ. ಆಮೇಲೆ ನಿಮ್ಮಿಷ್ಟ ಅಂದೆ.

ಅಣ್ಣ ಜಗುಲಿಯಿಂದಲೇ ಕೈ ಅಡ್ಡ ಹಿಡಿದ.

"ರತ್ನ, ಸಾಹೇಬ್ರನ್ನ ಅಲ್ಲೇ ಕೂರ್ಸವ್ವ. ಸೆಂಟ್ ವಾಸ್ನೆ ಹೊಡೀತೈತೆ. ಒಳಗಿನ್ನೂ ಹುಳ ಅವೆ."

ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದಾಯಿತು. ಅವರ ಪಕ್ಕದಲ್ಲೇ ಗೋಡೆಗೆ ಒರಗಿಸಿದ ಚಂದ್ರಿಕೆಗಳ ಸಾಲು. ಒಂದರ ಮೇಲೊಂದು ಬೀಳುವಷ್ಟು ಗೂಡು.

"ಅಣ್ಣ, ಈ ಸಲ ಬೆಳೆ ಹೆಂಗೈತೆ?"

ಅಣ್ಣ ಒಮ್ಮೆ ಸಾಹೇಬರನ್ನು ನೋಡಿದ. ಒಮ್ಮೆ ಚಂದ್ರಿಕೆ ನೋಡಿದ. ಹೆಗಲ ಮೇಲಿನ ಟವಲ್ ತೆಗೆದು ಚಂದ್ರಿಕೆಗೆ ಅಡ್ಡವಾಗಿ ಹಿಡಿದುಕೊಂಡ.

"ಎಲ್ಲೈತವ್ವ ಬೆಳೆ? ಎಲ್ಲಾ ಹೋಯ್ತು."

ನಾನು ಅದನ್ನು ಇಂಗ್ಲಿಷಿಗೆ ಹಾಕಿದೆ. ಪ್ರೊಫೆಸರ್ ಅಣ್ಣನನ್ನು ನೋಡಿದರು, ಟವಲ್ ನೋಡಿದರು, ಟವಲಿನ ಎರಡೂ ಕಡೆ ಕಾಣುತ್ತಿದ್ದ ಗೂಡು ನೋಡಿದರು. ನಗು ತಡೆಯಲಾರದೆ ತುಟಿ ಸ್ವಲ್ಪ ಅದುರಿತು.

"ಇನ್ನೊಂದು ಕೇಳ್ತೀನಿ ಅಣ್ಣ. ನಿನ್ನ ಮಗಳು ಹೆಂಗೆ ಓದ್ತಾಳೆ?"

ಅಣ್ಣ ಯೋಚನೆಯನ್ನೇ ಮಾಡಲಿಲ್ಲ.

"ಇವಳಾ? ಏನೋ ಓದ್ತಾಳೆ. ದಡ್ಡಿ. ಪಾಸಾದ್ರೆ ಸಾಕು."

ಅದನ್ನೂ ಇಂಗ್ಲಿಷಿಗೆ ಹಾಕಿದೆ. ಈ ಸಲ ಪ್ರೊಫೆಸರ್ ನಗಲಿಲ್ಲ. ಚಂದ್ರಿಕೆಯ ಕಡೆ ನೋಡಿದರು, ಮಂಜುಳನ ಕಡೆ ನೋಡಿದರು, ಮತ್ತೆ ಚಂದ್ರಿಕೆ ನೋಡಿದರು. ಆಮೇಲೆ ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟರು. ಆ ಬಾಟಲಿಗಳ ಸದ್ದು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಅತ್ತಿಗೆ ತಂದುಕೊಟ್ಟ ಕಾಫಿ ಕುಡಿದು ಅವರು ತೀರ್ಮಾನ ಹೇಳಿದರು. ನೀನು ಸುಳ್ಳು ಬರೆದಿಲ್ಲ ಅಂತ ಒಪ್ಪಿದೆ. ಆದರೆ ನೀನು ಬರೆದದ್ದು ನಿಜವೂ ಅಲ್ಲ. ಕೇಳಿದರೆ ಇವರು ಹೇಳುವುದಿಲ್ಲ, ಹೇಳಿದ್ದು ಇರುವುದಿಲ್ಲ. ಹಾಗಾದರೆ ಇವರಿಂದ ನಿಜ ತಿಳಿದುಕೊಳ್ಳುವುದು ಹೇಗೆ? ಅದನ್ನು ಕಂಡುಹಿಡಿ. ರಜೆ ಮುಗಿಯುವುದರೊಳಗೆ ಮತ್ತೆ ಮಾಡಿ ತಾ. ಇನ್ನೊಂದು ಮಾತು. ವೈವಾದಲ್ಲಿ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಅವರನ್ನು ನಿಮ್ಮ ಜಗುಲಿಗೆ ಕರೆತರಲು ನಿನ್ನ ಅತ್ತೆಗೆ ಆಗುವುದಿಲ್ಲ. ನಿನ್ನ ಕೆಲಸ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ನಿನ್ನ ಬಾಯಿಂದಲೇ ಬರಬೇಕು.

ಹೊರಡುವಾಗ ಪ್ರೊಫೆಸರ್, ದಾರಿಯಲ್ಲಿ ಮಂಜುಳ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ ಮಾತಿಗೆ ಕನ್ನಡದಲ್ಲಿ ಏನು ಅಂತ ನನ್ನನ್ನು ಕೇಳಿ, ಬಾಯಿಪಾಠ ಮಾಡಿಕೊಂಡು ಹೋದರು. ಬಸ್ಸು ಬರುವ ತನಕ ಹೇಳಿಕೊಂಡದ್ದೇ ಹೇಳಿಕೊಂಡದ್ದು.

ಸಂಜೆ ಬಾವಿಕಟ್ಟೆಯ ಮೇಲೆ ಮಂಜುಳ ಒಬ್ಬಳೇ ಕೂತಿದ್ದಳು.

"ಬಚಾವಾದೆ ಬಿಡೇ" ಅಂದೆ.

"ಅತ್ತೆ, ಅಪ್ಪ ನನ್ನನ್ನ ದಡ್ಡಿ ಅನ್ನೋದು ದೃಷ್ಟಿಗೆ ಅಂತ ನಂಗೊತ್ತು. ಚಿಕ್ಕೋಳಿದ್ದಾಗಿಂದ ಗೊತ್ತು." ಬಾವಿಯೊಳಕ್ಕೆ ಒಂದು ಕಲ್ಲು ಹಾಕಿದಳು. "ಆದ್ರೂ ಒಂದ್ಸಲನಾದ್ರೂ ನಿಜ ಹೇಳ್ಬೋದಿತ್ತು ಕಣತ್ತೆ."

ನನಗೆ ರೇಗಿದ್ದು ಯಾರ ಮೇಲೆ ಅಂತ ಆಗ ಗೊತ್ತಾಯಿತು.

ದಡ್ಡಿ ಏನು ಮಾಡಿದಳು ಗೊತ್ತಾ? ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆ ನಂಜಮ್ಮನ ಹತ್ತಿರ ಹೋಗಿ, ಅವರ ಬೆಳೆಯ ಸುದ್ದಿಯನ್ನೇ ಎತ್ತಲಿಲ್ಲ. ನಮ್ಮನೆ ಬೆಳೆ ಹೆಂಗೈತೆ ಅಂತೀರ ನಂಜಮ್ಮ ಅಂತ ಕೇಳಿದಳು.

"ನಿಮ್ಮದೇನವ್ವ!" ಅಂದರು ನಂಜಮ್ಮ. "ಚಂದ್ರಿಕೆ ಸಾಲ್ದೆ ನಮ್ಮನೇವೂ ಈಸ್ಕೊಂಡೋಗವ್ನೆ ನಿಮ್ಮಪ್ಪ. ಇನ್ನೂ ವಾಪಸ್ ಕೊಟ್ಟಿಲ್ಲ."

ಅಷ್ಟೇ. ಬೀಗದ ಕೈ ಸಿಕ್ಕಿತು. ಮತ್ತೆ ಅದೇ ಊರುಗಳು, ಅದೇ ಬಸ್ಸುಗಳು, ಅದೇ ಮಜ್ಜಿಗೆ. ಈ ಸಲ ಪ್ರತಿ ಮನೆಯಲ್ಲೂ ಪಕ್ಕದ ಮನೆಯ ಬೆಳೆ ಕೇಳಿದಳು. ತಮ್ಮ ಬೆಳೆಯ ವಿಷಯಕ್ಕೆ ಬಾಯಿ ಹೊಲಿದುಕೊಂಡಿದ್ದವರು ಪಕ್ಕದವರ ಬೆಳೆ ಅಂದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡರು. ಹೊಟ್ಟೆಕಿಚ್ಚಿಗೆ ಒಂದಕ್ಕೆರಡು ಸೇರಿಸುವುದೂ ಉಂಟಲ್ಲ? ಅದಕ್ಕೂ ದಾರಿ ಹುಡುಕಿದಳು. ಯಾರು ಯಾರಿಂದ ಚಂದ್ರಿಕೆ ಎರವಲು ತಂದಿದ್ದಾರೆ ಅಂತ ನೋಡಿದಳು. ಬೆಳೆ ಇಲ್ಲದವನಿಗೆ ಎರವಲು ಚಂದ್ರಿಕೆ ಯಾಕೆ?

ಆಗಲೇ ಅವಳಿಗೆ ಇನ್ನೊಂದು ಮನೆ ನೆನಪಾಯಿತು. ಮುಳಬಾಗಿಲಿನ ಹತ್ತಿರ ಒಬ್ಬ ಹೆಂಗಸು, ನಾವು ಮೊದಲ ಸಲ ಹೋದಾಗ "ಪರವಾಗಿಲ್ಲಮ್ಮ, ಚೆನ್ನಾಗೈತೆ" ಅಂದಿದ್ದರು. ಮಂಜುಳ ಒಳ್ಳೆ ಬೆಳೆ ಅಂತ ಬರೆದದ್ದು ಅದೊಂದೇ ಮನೆಯನ್ನು. ಪಕ್ಕದವರನ್ನು ಕೇಳಿದಾಗ ಅವರು ದನಿ ತಗ್ಗಿಸಿದರು. ಆ ಮನೆಯ ತಟ್ಟೆಗಳನ್ನೆಲ್ಲ ತೊಳೆದು ಬೋರಲು ಹಾಕಿ ವಾರಗಳೇ ಆಗಿತ್ತಂತೆ. ಒಂದು ಹುಳುವೂ ಉಳಿದಿರಲಿಲ್ಲವಂತೆ. ನಿಜವಾಗಿ ಕಳೆದುಕೊಂಡವರು ಕಳೆದುಕೊಂಡೆ ಅನ್ನುವುದಿಲ್ಲ, ನೋಡಿ. ಮಜ್ಜಿಗೆ ಕೊಟ್ಟು ಕಳಿಸುತ್ತಾರೆ.

ಇನ್ನು ವೈವಾದ ತಾಲೀಮು. ಹಿತ್ತಿಲಲ್ಲಿ ನಾನೇ ಪರೀಕ್ಷಕಿ. ನಿನ್ನ ಕೆಲಸ ಹೇಗಿದೆ ಅಂತ ಕೇಳುವುದು, ಅವಳು ಚೆನ್ನಾಗಿದೆ ಅಂತ ಗಟ್ಟಿಯಾಗಿ ಹೇಳುವುದು. ಮೊದಲ ದಿನ ಮಾತು ಬಾಯಿಗೇ ಬರಲಿಲ್ಲ. ಬಂದಾಗ ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದರು, ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಮಗಳಿಗೆ ನಿವಾಳಿಸಿ, "ಥೂ ಥೂ ಅನ್ನೇ" ಅಂತ ಉಗಿಸಿ, ಒಲೆಗೆ ಹಾಕಿದರು.

"ಅತ್ತಿಗೆ, ಇದು ಪ್ರಾಕ್ಟೀಸು!"

"ಪ್ರಾಕ್ಟೀಸೋ ಗೀಕ್ಟೀಸೋ. ಬಾಯಲ್ಲಿ ಬಂತಲ್ಲ!"

ಹೀಗೆ ಒಂದು ಸಲ ಚೆನ್ನಾಗಿದೆ, ಒಂದು ಹಿಡಿ ಉಪ್ಪು. ಇನ್ನೊಂದು ಸಲ ಚೆನ್ನಾಗಿದೆ, ಇನ್ನೊಂದು ಹಿಡಿ. ಮೆಣಸಿನಕಾಯಿ ಘಾಟಿಗೆ ಪರೀಕ್ಷಕಿಗೇ ಕೆಮ್ಮು ಹತ್ತಿತು. ಅಷ್ಟೊತ್ತಿಗೆ ಅಭ್ಯರ್ಥಿ ಮಾತ್ರ ತಯಾರಾಗಿದ್ದಳು. ಮಾಲೂರಿನಲ್ಲಿ ರೈಲು ಹತ್ತಿಸಿ ಬಂದೆವು. ಅಣ್ಣ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಹುಷಾರು ಅಂದ. ಅಷ್ಟೇ.

ಹೋದ ವಾರ ವೈವಾ ಇತ್ತು. ಬೆಳಿಗ್ಗೆಯಿಂದ ನಾನು ಬೋರ್ಡಿನ ಮುಂದೆ ಕೂತೇ ಇದ್ದೆ. ಯಾರದೋ ಕಾಲನ್ನು ಯಾರಿಗೋ ಕೊಟ್ಟೆ. (ಆ ದಿನ ಚಿಂತಾಮಣಿ ಕೇಳಿ ಬಂಗಾರಪೇಟೆ ಸಿಕ್ಕವರು ಕ್ಷಮಿಸಬೇಕು.) ಮಧ್ಯಾಹ್ನ ಕಿಟಕಿಯಲ್ಲಿ ನೋಡಿದರೆ ಎಕ್ಸ್‌ಚೇಂಜಿನ ಮುಂದೆ ಅಣ್ಣ.

"ಗೂಡು ಮಾರೋಕೆ ಬಂದಿದ್ದೆ" ಅಂದ. ಕೈಯಲ್ಲಿ ಗೂಡಿರಲಿಲ್ಲ. ಚೀಲವೂ ಇರಲಿಲ್ಲ. ನಾನು ಏನೂ ಕೇಳದೆ, ಪಬ್ಲಿಕ್ ಬೂತಿನ ಪಕ್ಕದ ಬೆಂಚು ತೋರಿಸಿದೆ.

ಕಾಲ್ ಬಂತು. ಪ್ರೊಫೆಸರ್.

ಸಾರ್, ಹುಡುಗಿ ಹೇಗೆ ಮಾಡಿದಳು? ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅತ್ತ ಕಡೆ ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ಬಾಯಿಪಾಠ ಒಪ್ಪಿಸುವ ಮಗುವಿನ ದನಿಯಲ್ಲಿ ಕನ್ನಡ ಬಂತು.

"ಏ-ನೋ ಮಾ-ಡಿ-ದಾ-ಳೆ. ಅಷ್-ಟೇ-ನೂ ಇಲ್ಲ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹೆಡ್‌ಫೋನ್ ವೈರು ನನ್ನನ್ನು ಎಳೆದು ಕೂರಿಸಿತು. ಪ್ರೊಫೆಸರ್ ನಗುತ್ತಾ ಇಂಗ್ಲಿಷಿಗೆ ಬಂದರು. ಡಿಗ್ರಿ ಮುಗಿದ ಕೂಡಲೇ ನನ್ನ ಲ್ಯಾಬಿಗೆ ಬರಲಿ ಅಂದರು. ಹೊರಗಿನ ಪರೀಕ್ಷಕರು ನಿನ್ನ ಕೆಲಸ ಹೇಗಿದೆ ಅಂತ ಕೇಳಿದಾಗ, ಚೆನ್ನಾಗಿದೆ ಸಾರ್, ಎರಡು ಸಲ ಮಾಡಿದ್ದೇನೆ ಅಂತ ನೆಟ್ಟಗೆ ನಿಂತು ಹೇಳಿದಳಂತೆ. ಪಕ್ಕದ ಮನೆಯನ್ನು ಕೇಳುವ ಉಪಾಯ ಕೇಳಿ ಆ ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ಊರಿನಲ್ಲೂ ಮಾಡಿ ನೋಡುತ್ತೇನೆ ಅಂದರಂತೆ. ಆಮೇಲೆ ಫೋನನ್ನು ಮಂಜುಳನಿಗೆ ಕೊಟ್ಟರು.

ನಾನು ಲೈನನ್ನು ಬೂತಿಗೆ ಹಾಕಿ, ಕಿಟಕಿಯಿಂದ ಕೈಬೀಸಿದೆ. ಅಣ್ಣ ಒಳಗೆ ಹೋದ. ಜೀವಮಾನದಲ್ಲಿ ಮೊದಲ ಸಲ ರಿಸೀವರ್ ಹಿಡಿದಿದ್ದ.

"ಅಪ್ಪಾ" ಅಂದಳು ಮಂಜುಳ. "ಸೀಟ್ ಸಿಕ್ತಪ್ಪ."

ಅಣ್ಣ ಮಾತಾಡಲಿಲ್ಲ. ಟ್ರಂಕ್ ಕಾಲಿನಲ್ಲಿ ಮೌನಕ್ಕೂ ದುಡ್ಡು. ನಾನು ಅವನಿಗೆ ಅದನ್ನು ನೆನಪಿಸಲಿಲ್ಲ. ಗಾಜಿನಾಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಏನೋ ಸಿಕ್ಕಿತಂತೆ, ಬೇರೆ ಯಾರೂ ಸಿಕ್ಕಿಲ್ಲವೇನೋ ಅಂತ ಅನ್ನುತ್ತಾನೆ, ಇನ್ನೇನು ಅನ್ನುತ್ತಾನೆ ಅಂತ ಹಲ್ಲು ಕಚ್ಚಿಕೊಂಡು ಕಾದೆ.

"ಚೆನ್ನಾಗಿ ಮಾಡ್ದೆ ಕಣವ್ವ" ಅಂದ ಅಣ್ಣ. "ನೀನು ಬಲು ಚೆನ್ನಾಗಿ ಓದ್ತೀಯ. ಮೊದ್ಲಿಂದ್ಲೂ ಓದ್ತೀಯ. ನಂಗೆ ಗೊತ್ತಿಲ್ವಾ?"

ಅಂದವನೇ ತಕ್ಷಣ ರಿಸೀವರಿನೊಳಕ್ಕೇ ಉಗಿದ. ಥೂ, ಥೂ, ಥೂ.

ಬೂತಿನ ಹೊರಗೆ ಸರತಿಯಲ್ಲಿ ನಿಂತಿದ್ದವರೊಬ್ಬರು, ಪಾಪ, ಆ ಕಡೆ ಯಾರಿಗೋ ಸರಿಯಾಗಿ ಬೈಗುಳ ಬಿತ್ತು ಅಂದುಕೊಂಡಿರಬೇಕು. ಆ ಕಡೆ ಮಂಜುಳ ನಗುತ್ತಿದ್ದಳೋ ಅಳುತ್ತಿದ್ದಳೋ, ಎಷ್ಟೋ ವರ್ಷ ಜನರ ದನಿ ಕೇಳಿದ ನನಗೂ ಗೊತ್ತಾಗಲಿಲ್ಲ. ಮೂರು ನಿಮಿಷ ಆಯಿತು ಅಂತ ಹೇಳುವುದು ನನ್ನ ಡ್ಯೂಟಿ. ಹೇಳಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮುಚ್ಚಿಟ್ಟು ನನಗೇನೂ ಆಗಬೇಕಿಲ್ಲ.

ಅಣ್ಣ ಹೊರಗೆ ಬಂದು ಟವಲಿನಿಂದ ಮುಖ ಒರೆಸಿಕೊಂಡ. ನಾನು ಒಳಗೆ ಹೋಗಿ ರಿಸೀವರ್ ಒರೆಸಿದೆ.

ದೃಷ್ಟಿ ತೆಗೆಯೋಕೆ ಮನೆಮನೆಯಲ್ಲೂ ಉಪ್ಪು ಮೆಣಸಿನಕಾಯಿ ಇದ್ದೇ ಇದೆ. ಮಕ್ಕಳಿಗೆ ಒಂದು ಒಳ್ಳೆ ಮಾತು ಹೇಳಿದರೆ ನಮ್ಮ ಗಂಟೇನು ಹೋಗುತ್ತೆ?